ಪಹಣಿಯಲ್ಲಿ ಗಡಿ ಇರುವುದಿಲ್ಲ: ಮಲೆನಾಡಿನ ಬೇಲಿ ಜಗಳಗಳು ಹುಟ್ಟುವ ಬಗೆ

ಮಲೆನಾಡಿನಲ್ಲಿ ಗಡಿ ಜಗಳಕ್ಕೂ ಒಂದು ಕಾಲ ಇದೆ. ಅಡಿಕೆ ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯುವುದಕ್ಕೆ ಮುಂಚೆ. ಬೇಲಿ ಕಟ್ಟುವುದು, ಅಗಳ (ಗಡಿಯ ಕಂದಕ) ತೆಗೆಸುವುದು, ದರೆ (ಇಳಿಜಾರಿನ ಮಣ್ಣಿನ ಗೋಡೆ) ಕಡಿಸುವುದು, ಹೊಸ ಸಸಿಗೆ ಗುಂಡಿ ಹೊಡೆಸುವುದು ಎಲ್ಲಾ ಆಗಲೇ. ಜೆಸಿಬಿ ಬಂದು ನಿಂತಿರುತ್ತದೆ, ಗಂಟೆ ಲೆಕ್ಕದಲ್ಲಿ ಬಾಡಿಗೆ ಏರುತ್ತಿರುತ್ತದೆ. ಆಗ ಪಕ್ಕದ ತೋಟದಿಂದ ಒಂದು ದನಿ ಬರುತ್ತದೆ: "ಗೌಡ್ರೇ, ಸ್ವಲ್ಪ ನಿಲ್ಸಿ. ನಿಮ್ಮ ಅಗಳ ನಮ್ಮ ಕಡೆ ಬಂದಂಗೆ ಕಾಣ್ತದೆ."

ಅಲ್ಲಿ ಅರ್ಧ ದಿನ ಕೆಲಸ ನಿಂತರೆ ಎಷ್ಟೋ ಮನೆಗಳ ನೆಮ್ಮದಿ ಉಳಿಯುತ್ತದೆ. ಆದರೆ ಬಾಡಿಗೆ ಏರುತ್ತಿರುವಾಗ ನಿಲ್ಲಿಸುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ. ಸಂಜೆಯ ಹೊತ್ತಿಗೆ ಎರಡು ಮನೆಗಳ ನಡುವೆ ಮಾತು ನಿಂತಿರುತ್ತದೆ. ಮುಂದಿನ ಮದುವೆಗೆ ಕರೆಯೋಲೆಯೂ ಹೋಗುವುದಿಲ್ಲ.

ಇಂಥ ಜಗಳಗಳಲ್ಲಿ ಒಬ್ಬ ಕಳ್ಳ, ಇನ್ನೊಬ್ಬ ಸಂಭಾವಿತ ಅಂತ ಊರು ಬೇಗ ತೀರ್ಮಾನ ಮಾಡಿಬಿಡುತ್ತದೆ. ಬೇಕಂತಲೇ ಒತ್ತುವರಿ ಮಾಡುವವರು ಇದ್ದಾರೆ, ಇಲ್ಲ ಅಂತಲ್ಲ. ಆದರೆ ಬಹಳಷ್ಟು ಕಡೆ ಇಬ್ಬರೂ ತಮಗೆ ಗೊತ್ತಿರುವ ನಿಜವನ್ನೇ ಹೇಳುತ್ತಿರುತ್ತಾರೆ. ಒಬ್ಬರ ಕೈಯಲ್ಲಿ ಪಹಣಿ ಇರುತ್ತದೆ. ಇನ್ನೊಬ್ಬರು ಅಜ್ಜನ ಕಾಲದ ಅಗಳವನ್ನು ತೋರಿಸುತ್ತಾರೆ. ಎರಡೂ ಒಂದೇ ಗೆರೆಯ ಬಗ್ಗೆ ಮಾತಾಡುತ್ತಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಕೋಪ ಬರುವ ಮೊದಲು ಅಳತೆ ಆಗಬೇಕು, ಅದೂ ಇಬ್ಬರೂ ಎದುರಿಗಿದ್ದು ಆಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ನೋಡೋಣ.

ಮೊದಲು ಪಹಣಿ. ಇದರಲ್ಲಿ ಸರ್ವೆ ನಂಬರ್, ಹಿಸ್ಸಾ ನಂಬರ್, ವಿಸ್ತೀರ್ಣ, ಖರಾಬು (ಸಾಗುವಳಿಗೆ ಬಾರದ ಜಾಗ), ಮಾಲೀಕರ ಹೆಸರು, ಬೆಳೆ, ಸಾಲದ ಹೊರೆ ಎಲ್ಲಾ ಇರುತ್ತದೆ. ಗಡಿ ಮಾತ್ರ ಇರುವುದಿಲ್ಲ. "ಒಂದು ಎಕರೆ ಹತ್ತು ಗುಂಟೆ" ಅಂತ ಬರೆದಿದ್ದರೆ ನಿಮಗೆ ಅಷ್ಟು ಜಾಗ ಇದೆ ಅಂತ ಮಾತ್ರ ಅರ್ಥ. ಅದು ಯಾವ ಕಲ್ಲಿನಿಂದ ಯಾವ ಕಲ್ಲಿನವರೆಗೆ ಅಂತ ಪಹಣಿಗೆ ಗೊತ್ತಿಲ್ಲ. ಪಹಣಿ ಕೈಬರಹದಲ್ಲಿದ್ದಾಗಲೂ ಹೀಗೇ ಇತ್ತು, ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಹೋದ ಮೇಲೂ ಹೀಗೇ ಇದೆ.

ಗಡಿ ಇರುವುದು ಸರ್ವೆ ಇಲಾಖೆಯ ದಾಖಲೆಗಳಲ್ಲಿ. ಮುಖ್ಯವಾದದ್ದು ಟಿಪ್ಪಣಿ. ಹಳೆಯ ಕಾಲದ ಭೂಮಾಪಕರು ಜಾಗಕ್ಕೆ ಹೋಗಿ ಸರಪಳಿ ಎಳೆದು, ಅಲ್ಲೇ ಕೂತು ಬರೆದ ಕೈನಕ್ಷೆ ಇದು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎಷ್ಟು ಸರಪಳಿ, ನಡುವಿನ ಗೆರೆಯಿಂದ ಬದಿಗೆ ಎಷ್ಟು ಆಣೆ ಅಂತ ಅದರಲ್ಲಿ ಇರುತ್ತದೆ. ಒಂದು ಸರಪಳಿ ಅಂದರೆ 33 ಅಡಿ, ಅದರಲ್ಲಿ 16 ಆಣೆ. 33 ಅಡಿಗೆ 33 ಅಡಿ ಒಂದು ಗುಂಟೆ, ಅಂದರೆ 1089 ಚದರಡಿ. ಅಂಥ 40 ಗುಂಟೆಗೆ ಒಂದು ಎಕರೆ. ಇಡೀ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ ಎಷ್ಟು ಅನ್ನುವುದಕ್ಕೆ ಆಕಾರ್‌ಬಂದ್ ನೋಡಬೇಕು. ಜಾಗ ಪಾಲಾಗಿದ್ದರೆ ಹಿಸ್ಸಾ ಟಿಪ್ಪಣಿ ಬೇರೆ ಇರಬೇಕು. ಜೊತೆಗೆ ಗ್ರಾಮ ನಕ್ಷೆ. ಗಡಿ ವಿಷಯದಲ್ಲಿ ತಲೆಬಿಸಿ ಶುರುವಾದರೆ ಪಹಣಿ ಹಿಡಿದು ಓಡಾಡುವ ಬದಲು ಮೊದಲು ಈ ಕಾಗದಗಳ ದೃಢೀಕೃತ ನಕಲು ತೆಗೆಸಿಕೊಳ್ಳಿ. ಕ್ರಯಪತ್ರ ಅಥವಾ ಪಾಲುಪತ್ರ ಇದ್ದರೆ ಅದರ ಚೆಕ್ಕುಬಂದಿಯನ್ನೂ ಓದಿ. ಪೂರ್ವಕ್ಕೆ ಯಾರ ಜಾಗ, ಪಶ್ಚಿಮಕ್ಕೆ ಯಾವ ಹಳ್ಳ ಅಂತ ಬರೆದಿರುವ ಆ ನಾಲ್ಕು ಸಾಲಿಗೆ ಬಹಳ ಬೆಲೆ ಇದೆ. ಪತ್ರದಲ್ಲಿ ಹೇಳಿದ ವಿಸ್ತೀರ್ಣಕ್ಕೂ ಚೆಕ್ಕುಬಂದಿಗೂ ತಾಳೆಯಾಗದಿದ್ದರೆ ಕೋರ್ಟುಗಳು ಸಾಮಾನ್ಯವಾಗಿ ಚೆಕ್ಕುಬಂದಿಯನ್ನೇ ಹಿಡಿಯುತ್ತವೆ.

ಮಲೆನಾಡಿನಲ್ಲಿ ಕಾಗದಕ್ಕೂ ನೆಲಕ್ಕೂ ಇಷ್ಟು ಅಂತರ ಯಾಕೆ? ಕಾರಣಗಳು ಒಂದರ ಮೇಲೊಂದು ಕೂತಿವೆ. ಹಳೆಯ ಸರ್ವೆ ನಡೆದದ್ದು ಮುಖ್ಯವಾಗಿ ಕಂದಾಯಕ್ಕೆ. ಗದ್ದೆ, ತೋಟ ಎಷ್ಟಿದೆ ಅನ್ನುವುದು ಸರ್ಕಾರಕ್ಕೆ ಬೇಕಿತ್ತು. ಆಮೇಲೆ ಪಾಲಾಯಿತು. ಅಣ್ಣತಮ್ಮಂದಿರು "ಹಲಸಿನ ಮರದಿಂದ ಆಚೆ ನಿನಗೆ, ಈಚೆ ನನಗೆ" ಅಂತ ಬಾಯಿಮಾತಿನಲ್ಲಿ ಹಂಚಿಕೊಂಡರು, ಪಹಣಿಯಲ್ಲಿ ಗುಂಟೆ ಬರೆಸಿದರು, ಪೋಡಿ (ಪಾಲಿನಂತೆ ಅಳೆದು ಸರ್ವೆ ದಾಖಲೆಯಲ್ಲಿ ಬೇರೆ ಮಾಡುವುದು) ಮಾಡಿಸಲಿಲ್ಲ. ಮರ ಬಿತ್ತು. ಆ ಇಬ್ಬರೂ ತೀರಿಕೊಂಡರು. ಈಗ ಮಕ್ಕಳು ಗುಂಟೆ ಲೆಕ್ಕ ಹಿಡಿದು ನಿಂತಿದ್ದಾರೆ.

ಗೇಣಿ ಭೂಮಿಯ ಕಥೆ ಇನ್ನೊಂದು. ಸಾಗರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತ ನಾಡು ಇದು. 1974ರ ಭೂ ಸುಧಾರಣೆಯಲ್ಲಿ ಉಳುವವರಿಗೆ ಹಕ್ಕು ಬಂತು. ಆ ನ್ಯಾಯ ಆಗಲೇಬೇಕಿತ್ತು. ಆದರೆ ಒಂದು ಸರ್ವೆ ನಂಬರಿನ ಒಂದು ಭಾಗ ಗೇಣಿದಾರರಿಗೆ, ಉಳಿದದ್ದು ಒಡೆಯರಿಗೆ ಅಂತ ಆದೇಶವಾದ ಎಷ್ಟೋ ಕಡೆ ನೆಲದ ಮೇಲೆ ಅಳೆದು ಕಲ್ಲು ಹಾಕುವ ಕೆಲಸ ಹಿಂದೆ ಬಿತ್ತು. ಒಂದೇ ಸರ್ವೆ ನಂಬರಿನಲ್ಲಿ ಐದಾರು ಹೆಸರು, ಎಲ್ಲರಿಗೂ ಗುಂಟೆ ಲೆಕ್ಕ, ಯಾರಿಗೂ ನಕ್ಷೆ ಇಲ್ಲ. ಪೋಡಿ ಆಗದ ಜಾಗದಲ್ಲಿ ಒಳಗಿನ ಗಡಿ ಅನ್ನುವುದು ಸರ್ವೆ ದಾಖಲೆಯಲ್ಲೇ ಇರುವುದಿಲ್ಲ. ಅಲ್ಲಿ "ಸರ್ವೆ ಮಾಡಿಸಿ ನನ್ನ ಗಡಿ ತೋರಿಸಿ" ಅಂದರೆ ಸರ್ವೇಯರ್ ಏನನ್ನು ತೋರಿಸಬೇಕು? ಮೊದಲು ಪೋಡಿ ಆಗಬೇಕು. ಅದಕ್ಕೂ ಮೊದಲು ಎಲ್ಲರ ಪಹಣಿ ವಿಸ್ತೀರ್ಣ ಕೂಡಿಸಿದರೆ ಆಕಾರ್‌ಬಂದ್‌ಗೆ ಸರಿಹೊಂದಬೇಕು. ಜಾಸ್ತಿ ಬಂದರೆ ಅದನ್ನು ತಿದ್ದಿಸುವುದೇ ಬೇರೆ ಕೆಲಸ.

ಇನ್ನು ನೆಲ. ಬಯಲುಸೀಮೆಯ ಹೊಲದಲ್ಲಿ ಇಲ್ಲದ ಒಂದು ತೊಡಕು ನಮ್ಮಲ್ಲಿದೆ, ಅದು ಇಳಿಜಾರು. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದು ತಿಳಿಯದೇ ಜಗಳ ಆಡಿದವರು ಬಹಳ ಜನ.

ನಕ್ಷೆಯ ಅಳತೆ ಯಾವತ್ತೂ ಮಟ್ಟಸ ಅಳತೆ. ಗುಡ್ಡದ ಮೇಲೆ ಸರಪಳಿ ಎಳೆಯುವಾಗಲೂ ಅದನ್ನು ನೆಲಕ್ಕೆ ಮಲಗಿಸುವುದಿಲ್ಲ. ಅಡ್ಡಡ್ಡಲಾಗಿ ಬಿಗಿ ಹಿಡಿದು, ತುದಿಯಿಂದ ಕೆಳಕ್ಕೆ ಗುರುತು ಇಳಿಸಿ, ಅಲ್ಲಿಂದ ಮತ್ತೆ ಅಡ್ಡ ಹಿಡಿಯುತ್ತಾ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ನಾವು ಮನೆಯಲ್ಲಿರುವ ಟೇಪು ತಂದು ಅಳೆಯುವಾಗ ಹಾಗೆ ಮಾಡುತ್ತೇವಾ? ನೆಲದ ಮೇಲೇ ಹಾಸುತ್ತೇವೆ. ತೀರ್ಥಹಳ್ಳಿ ಕಡೆಯ ಒಂದು ತೋಟ ಅಂದುಕೊಳ್ಳಿ. ಟಿಪ್ಪಣಿಯಲ್ಲಿ ಅದರ ಉದ್ದ ಆರು ಸರಪಳಿ, ಅಂದರೆ 198 ಅಡಿ. ನೆಲ ಸುಮಾರು 20 ಡಿಗ್ರಿ ಇಳಿಜಾರು. ಅಲ್ಲಿ ಟೇಪನ್ನು ನೆಲಕ್ಕೆ ಹಾಸಿ ಅಳೆದರೆ 210 ಅಡಿಗಿಂತ ಜಾಸ್ತಿ ಬರುತ್ತದೆ. ಪಕ್ಕದವರಿಗೆ ಹನ್ನೆರಡು ಅಡಿ "ಹೆಚ್ಚು" ಕಂಡಿತು. ಅಡಿಕೆಯನ್ನು ಸಾಮಾನ್ಯವಾಗಿ 9 ಅಡಿಗೆ ಒಂದರಂತೆ ನೆಡುತ್ತಾರೆ. ಅಂದರೆ "ನಮ್ಮ ಒಂದು ಸಾಲು ಮರ ಅವರ ಬೇಲಿಯೊಳಗಿದೆ" ಅಂತ ಲೆಕ್ಕ ಸಿಕ್ಕೇಬಿಟ್ಟಿತು! ಅಲ್ಲಿ ಯಾರೂ ಒಂದು ಅಡಿಯನ್ನೂ ಒತ್ತಿಲ್ಲ. ಜಾಸ್ತಿ ಕಂಡದ್ದು ಇಳಿಜಾರಿನ ಉದ್ದ ಮಾತ್ರ. ಇಲ್ಲದ ಸಾಲಿಗಾಗಿ ಎರಡು ಮನೆಯವರು ಕತ್ತಿ ಹಿಡಿದು ನಿಂತರೆ ಎಂಥ ಸಂಕಟ ಹೇಳಿ.

ಇದರ ಮೇಲೆ ಮಳೆ. ಆಗುಂಬೆ, ಹೊಸನಗರ ಕಡೆಯ ಮಳೆಗೆ ದರೆ ಜರಿಯುತ್ತದೆ, ಅಗಳದಲ್ಲಿ ಮಣ್ಣು ತುಂಬುತ್ತದೆ, ಹಳ್ಳ ದಿಕ್ಕು ಬದಲಿಸುತ್ತದೆ. ಬಾಂದುಕಲ್ಲು, ಅಂದರೆ ಸರ್ವೆಯ ಗಡಿಕಲ್ಲು, ಹೂತುಹೋಗುತ್ತದೆ, ಇಲ್ಲವೇ ದರೆಯ ಜೊತೆ ಕೆಳಗೆ ಬಂದು ಬೇರೆ ಜಾಗದಲ್ಲಿ ಕೂತಿರುತ್ತದೆ. ಬೇಲಿಯೂ ಹಾಗೇ. ಪ್ರತಿ ವರ್ಷ ಹಳೇ ಗೂಟದ ಪಕ್ಕ ಹೊಸ ಗೂಟ ಹೊಡೆಯುತ್ತಾ ಹೋದರೆ, ಯಾರೂ ಬೇಕಂತ ಮಾಡದೆಯೂ ಬೇಲಿ ಜರುಗುತ್ತದೆ.

ಈಗ ಫೋನಿನಲ್ಲಿ ಸರ್ವೆ ನಂಬರುಗಳ ನಕ್ಷೆ ತೋರಿಸುವ ದಿಶಾಂಕ್ ಆ್ಯಪ್ ತೆರೆದು "ನೋಡಿ, ನಾನು ನಿಂತಿರುವುದು ನನ್ನ ಸರ್ವೆ ನಂಬರಿನಲ್ಲೇ" ಅನ್ನುವವರು ಹೆಚ್ಚಾಗಿದ್ದಾರೆ. ಯಾವ ಸರ್ವೆ ನಂಬರ್ ಎಲ್ಲಿದೆ, ಪಕ್ಕದಲ್ಲಿ ಸರ್ಕಾರಿ ಜಾಗ ಇದೆಯಾ ಅಂತ ಅಂದಾಜು ಮಾಡಲು ಅದು ಒಳ್ಳೆಯ ಸಾಧನ. ಆದರೆ ಸಾಮಾನ್ಯ ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಅಡಿಕೆ ತೋಟದ ನೆರಳಿನಲ್ಲಿ, ಗುಡ್ಡದ ಮರೆಯಲ್ಲಿ ಇನ್ನೂ ತಪ್ಪುತ್ತದೆ. ನಿಮ್ಮ ಜಗಳ ಇರುವುದು ಒಂಬತ್ತು ಅಡಿಗೆ. ಆ ಚುಕ್ಕೆಯನ್ನು ನಂಬಿ ಬೇಲಿ ಕಿತ್ತರೆ ತೊಂದರೆ ಖಂಡಿತ.

ಸರಿಯಾದ ದಾರಿ ಹದ್ದುಬಸ್ತು, ಅಂದರೆ ಸರ್ವೆ ಇಲಾಖೆಯಿಂದ ಗಡಿ ಅಳೆಸಿ ಗುರುತು ಮಾಡಿಸುವುದು. ನಾಡಕಚೇರಿ ಅಥವಾ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ ಮೋಜಿಣಿ ಅನ್ನುವ ಸರ್ವೆ ಅರ್ಜಿಗಳ ವ್ಯವಸ್ಥೆಯಲ್ಲಿ ಅದು ಒಬ್ಬ ಸರ್ವೇಯರ್ ಪಾಲಿಗೆ ಬರುತ್ತದೆ. ಸುತ್ತಲಿನ ಬಾಜುದಾರರಿಗೆ ನೋಟಿಸ್ ಹೋಗುತ್ತದೆ. ಈ ನೋಟಿಸ್ ಬಂದಾಗ "ನಾನು ಬರಲ್ಲ, ಸಹಿ ಹಾಕಲ್ಲ" ಅಂತ ಮನೆಯಲ್ಲಿ ಕೂರುವುದು ದೊಡ್ಡ ತಪ್ಪು. ನಿಮ್ಮ ಗೈರುಹಾಜರಿಯಲ್ಲೇ ಅಳತೆ ನಡೆದುಹೋಗಬಹುದು. ಹೋಗಿ. ನಿಮ್ಮ ಕಾಗದ ತೋರಿಸಿ. ಒಪ್ಪಿಗೆ ಇಲ್ಲದಿದ್ದರೆ ತಕರಾರು ಬರೆದುಕೊಡಿ.

ಸರ್ವೇಯರ್ ಬಂದ ದಿನ ಏನಾಗುತ್ತದೆ ಅಂತ ಗಮನಿಸಿ ನೋಡಿ. ಅವರು ನೇರವಾಗಿ ನಿಮ್ಮ ಬೇಲಿಗೆ ಬರುವುದಿಲ್ಲ. ಮೊದಲು ಜಗಳ ಇಲ್ಲದ ಒಂದು ಗುರುತು ಹುಡುಕುತ್ತಾರೆ. ಪಕ್ಕದ ಸರ್ವೆ ನಂಬರಿನ ಹಳೆಯ ಬಾಂದುಕಲ್ಲು, ಗ್ರಾಮದ ಗಡಿಕಲ್ಲು, ಗ್ರಾಮ ನಕ್ಷೆಯಲ್ಲೂ ನೆಲದ ಮೇಲೂ ಇರುವ ಒಂದು ಮೂಲೆ. ಅದಕ್ಕಾಗಿ ನಾಲ್ಕೈದು ತೋಟ ಆಚೆ ಹೋಗಬೇಕಾದೀತು. ಲಂಟಾನ ಸವರಿ, ಗುದ್ದಲಿಯಲ್ಲಿ ಕೆರೆದು ಕಲ್ಲು ಹುಡುಕಬೇಕಾದೀತು. ಆ ಕಲ್ಲು ಸರಿಯಾದದ್ದಾ ಅಂತ ತಿಳಿಯಲು ಅಲ್ಲಿಂದ ಇನ್ನೊಂದು ಕಲ್ಲಿಗೆ ಅಳೆದು, ಟಿಪ್ಪಣಿಯ ಅಳತೆಗೆ ಹೊಂದುತ್ತದಾ ಅಂತ ನೋಡುತ್ತಾರೆ. ಹೊಂದಿದ ಮೇಲೆಯೇ ಅಲ್ಲಿಂದ ನಿಮ್ಮ ಗಡಿಯ ಕಡೆ ಬರುವುದು. ಉಪಗ್ರಹದ ನೆರವಿನಿಂದ ಅಳೆಯುವ ಹೊಸ ರೋವರ್ ಯಂತ್ರ ತಂದರೂ ಈ ಕೆಲಸ ತಪ್ಪುವುದಿಲ್ಲ. ಯಂತ್ರ ಬಿಂದುವನ್ನು ಕರಾರುವಾಕ್ಕಾಗಿ ಅಳೆಯುತ್ತದೆ, ಹಳೆಯ ಗಡಿ ಎಲ್ಲಿತ್ತು ಅನ್ನುವುದನ್ನು ಟಿಪ್ಪಣಿ ಮತ್ತು ಕಲ್ಲುಗಳಿಂದಲೇ ತೆಗೆಯಬೇಕು. ಹಾಗಾಗಿ "ಎಲ್ಲಿಂದ ಶುರು ಮಾಡಿದಿರಿ ಸರ್?" ಅನ್ನುವುದೇ ನೀವು ಕೇಳಬೇಕಾದ ಮುಖ್ಯ ಪ್ರಶ್ನೆ. ಶುರುವಿನ ಕಲ್ಲು ತಪ್ಪಿದರೆ ಆಮೇಲಿನದ್ದೆಲ್ಲಾ ತಪ್ಪು. ಆ ಕಲ್ಲನ್ನು ಇಬ್ಬರೂ ಒಪ್ಪಿದರೆ ಅರ್ಧ ಜಗಳ ಅಲ್ಲೇ ಮುಗಿಯಿತು. ಅಳತೆ ಬೇಸಿಗೆಯಲ್ಲಿ ಆದರೆ ಒಳ್ಳೆಯದು. ಮಳೆಗಾಲದಲ್ಲಿ ಕಳೆ ಎದ್ದು ಕಲ್ಲೇ ಕಾಣುವುದಿಲ್ಲ.

ಕೊನೆಗೆ ಮಹಜರು, ನಕ್ಷೆ. ಅಳತೆ ತಪ್ಪು ಅನ್ನಿಸಿದರೆ ಮೇಲಿನ ಅಧಿಕಾರಿಗಳ ಹತ್ತಿರ ಮೇಲ್ಮನವಿಗೆ ಅವಕಾಶ ಇದೆ. ಆದರೆ ಇಲ್ಲಿ ಬಹಳ ಜನ ಎಡವುತ್ತಾರೆ. ಸರ್ವೇಯರ್ ಗಡಿ ತೋರಿಸಬಹುದು. ಪಕ್ಕದವರು ಇಷ್ಟು ಗುಂಟೆ ಒತ್ತಿದ್ದಾರೆ ಅಂತ ನಕ್ಷೆಯಲ್ಲಿ ಬರೆಯಬಹುದು. ಅವರನ್ನು ಎಬ್ಬಿಸುವ ಅಧಿಕಾರ ಸರ್ವೇಯರಿಗಿಲ್ಲ. ನಕ್ಷೆ ಕೈಗೆ ಬಂದ ಮಾರನೇ ದಿನ ಆಳು ಕರೆದುಕೊಂಡು ಹೋಗಿ ಬೇಲಿ ಕೀಳುವ ಅಧಿಕಾರ ನಿಮಗೂ ಇಲ್ಲ. ಖಾಸಗಿ ಜಾಗದಲ್ಲಿ ಎದುರಿನವರು ಬಿಟ್ಟುಕೊಡದಿದ್ದರೆ ಸಿವಿಲ್ ಕೋರ್ಟೇ ಗತಿ.

ಜಗಳ ದ್ವೇಷಕ್ಕೆ ತಿರುಗುವುದು ಇದೇ ಹಂತದಲ್ಲಿ. ಗಡಿ ಪಕ್ಕಕ್ಕೆ ಹೋಗಿ ಬೇರೆ ಬೇರೆ ವಿಷಯ ಸೇರಿಕೊಳ್ಳುತ್ತವೆ. ಮೇಲಿನ ತೋಟದವರು ಕಾದಿಗೆಯ (ತೋಟದ ಕಾಲುವೆಯ) ನೀರು ತಿರುಗಿಸುತ್ತಾರೆ. ಕೆಳಗಿನವರು ಗೊಬ್ಬರದ ಗಾಡಿ ಹೋಗುವ ದಾರಿಗೆ ಅಡ್ಡ ತಂತಿ ಕಟ್ಟುತ್ತಾರೆ. ರಾತ್ರಿ ಯಾರೋ ಕಲ್ಲು ಕೀಳುತ್ತಾರೆ. ಅದಕ್ಕಿಂತ ಕೆಟ್ಟದ್ದು, ಫಸಲಿಗೆ ಬಂದ ಅಡಿಕೆ ಮರ ಕಡಿಯುವುದು. ಐದಾರು ವರ್ಷ ಮಗುವಿನಂತೆ ನೋಡಿಕೊಂಡ ಮರ ಅದು. ಬೇಲಿ ಜರುಗಿಸಿದ್ದನ್ನು ಮರೆತವರು ಇದ್ದಾರೆ, ಮರ ಕಡಿದದ್ದನ್ನು ಮರೆತವರನ್ನು ನಾನು ಕಂಡಿಲ್ಲ.

ಇವೆಲ್ಲಕ್ಕೂ ಕಾನೂನಿನಲ್ಲಿ ಬೇರೆ ಬೇರೆ ಲೆಕ್ಕ ಇದೆ. ಸರ್ಕಾರಿ ಅಧಿಕಾರಿ ಹಾಕಿಸಿದ ಗಡಿಗುರುತನ್ನು ಕೇಡಿನ ಉದ್ದೇಶದಿಂದ ಕಿತ್ತರೆ, ಜರುಗಿಸಿದರೆ ಅದು ಅಪರಾಧ. ಹಳೆಯ ದಂಡ ಸಂಹಿತೆಯ 434ನೇ ಕಲಂನಲ್ಲಿ ಒಂದು ವರ್ಷದವರೆಗೆ ಜೈಲು ಇತ್ತು, 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಅಪರಾಧವೇ. ದಾರಿ, ನೀರಿನ ವಿಷಯದಲ್ಲಿ 1882ರ ಅನುಭೋಗ ಹಕ್ಕುಗಳ (ಈಸ್‌ಮೆಂಟ್) ಕಾಯ್ದೆ ಇದೆ: 20 ವರ್ಷ ತಡೆಯಿಲ್ಲದೆ, ಶಾಂತಿಯಿಂದ, ಬಹಿರಂಗವಾಗಿ, ಹಕ್ಕಿನಿಂದ ಬಳಸಿದ ದಾರಿಗೆ ಅನುಭೋಗದ ಹಕ್ಕು ಹುಟ್ಟುತ್ತದೆ. ಅಂದರೆ ನೆಲ ನಿಮ್ಮದೇ ಆಗಿದ್ದರೂ ದಾರಿ ಮುಚ್ಚುವ ಹಕ್ಕು ನಿಮಗೆ ಇರದೇ ಹೋಗಬಹುದು.

ಪೊಲೀಸ್ ಠಾಣೆಗೆ ಹೋದರೆ "ಇದು ಸಿವಿಲ್ ಮ್ಯಾಟರ್" ಅನ್ನುವ ಉತ್ತರ ಸಿಗುತ್ತದೆ. ಕೇಳಲು ಬೇಸರವಾದರೂ ಅದರಲ್ಲಿ ನಿಜ ಇದೆ. ಗಡಿ ಎಲ್ಲಿ ಅಂತ ಪೊಲೀಸರು ತೀರ್ಮಾನ ಮಾಡುವಂತಿಲ್ಲ. ಹಲ್ಲೆ, ಬೆದರಿಕೆ, ಮರ ಕಡಿದದ್ದು ಇದ್ದರೆ ದೂರು ಕೊಡಲೇಬೇಕು, ಅವರು ತೆಗೆದುಕೊಳ್ಳಲೇಬೇಕು. ಹೊಡೆದಾಟ ಆಗುವ ಲಕ್ಷಣ ಇದ್ದರೆ ತಹಶೀಲ್ದಾರರ ಮುಂದೆ ನಿಲ್ಲಿಸಿ ಇಬ್ಬರಿಂದಲೂ ಮುಚ್ಚಳಿಕೆ ಬರೆಸಿಕೊಳ್ಳುವುದುಂಟು. ಆದರೆ ಗಡಿ ಗೆಲ್ಲುವುದಕ್ಕೆ ಸುಳ್ಳು ಕೇಸು ಹಾಕುವ ದಾರಿ ಹಿಡಿಯಬೇಡಿ. ನೀವೊಂದು ಹಾಕಿದರೆ ಅವರೊಂದು ಹಾಕುತ್ತಾರೆ. ಬೇಲಿಯ ಕೇಸು ಮುಗಿದರೂ ಆ ಕೇಸುಗಳು ಉಳಿಯುತ್ತವೆ. ಓದುತ್ತಿರುವ ಮಕ್ಕಳ ಹೆಸರು ಅದರಲ್ಲಿ ಸೇರಿಕೊಂಡರಂತೂ ಅವರ ಕೆಲಸ, ಪಾಸ್‌ಪೋರ್ಟ್ ಎಲ್ಲದಕ್ಕೂ ಅಡ್ಡಿ.

ಊರಲ್ಲಿ ಓಡಾಡುವ ಇನ್ನೊಂದು ಮಾತು: "ಹನ್ನೆರಡು ವರ್ಷ ಆಯ್ತು, ಇನ್ನು ಅದು ನಮ್ದೇ." ಇದನ್ನು ಅರ್ಧ ತಿಳಿದವರೇ ಜಾಸ್ತಿ. ಸುಮ್ನೆ ಹನ್ನೆರಡು ವರ್ಷ ಅಲ್ಲಿದ್ದರೆ ಸಾಲದು. ಮಾಲೀಕರ ಹಕ್ಕಿಗೆ ಎದುರಾಗಿ, ಬಹಿರಂಗವಾಗಿ, ತಡೆಯಿಲ್ಲದೆ, ನನ್ನದೇ ಅಂತ ಅನುಭವಿಸಿದ್ದನ್ನು ಸಾಬೀತು ಮಾಡಬೇಕು. ಆ ಹೊಣೆ ಹಾಗೆ ಹೇಳುವವರದ್ದೇ. "ಇರಲಿ ಮಾರಾಯ, ಸದ್ಯಕ್ಕೆ ಬಳಸ್ಕೋ" ಅಂತ ಒಪ್ಪಿಗೆ ಕೊಟ್ಟ ಜಾಗಕ್ಕೆ ಇದು ಹೊಂದುವುದಿಲ್ಲ. ಸರ್ಕಾರಿ ಜಾಗದಲ್ಲಿ ಸರ್ಕಾರ ದಾವೆ ಹಾಕುವ ಅವಧಿಯೇ 30 ವರ್ಷ. ಹಾಗಂತ ಜಾಗದ ಮಾಲೀಕರು ನಿದ್ದೆ ಮಾಡುವ ಹಾಗೂ ಇಲ್ಲ. ಒತ್ತುವರಿ ಗೊತ್ತಾದ ಕೂಡಲೇ ಬರಹದಲ್ಲಿ ಆಕ್ಷೇಪಿಸಿ. ಬಲವಂತದಿಂದ ಎಬ್ಬಿಸಿದ್ದರೆ ಇನ್ನೂ ಬೇಗ ಎಚ್ಚರವಾಗಬೇಕು. ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ ಆರು ತಿಂಗಳ ಒಳಗೆ ದಾವೆ ಹಾಕಿದರೆ, ಮಾಲೀಕತ್ವದ ಚರ್ಚೆಗೇ ಹೋಗದೆ ಸ್ವಾಧೀನ ವಾಪಸ್ ಕೊಡಿಸಬಹುದು. ಗಂಡ ಸತ್ತು ಒಬ್ಬರೇ ತೋಟ ನೋಡಿಕೊಳ್ಳುವ ಹೆಣ್ಣುಮಕ್ಕಳ ಮೇಲೆ ಇಂಥ ಜೋರು ಜಾಸ್ತಿ ನಡೆಯುತ್ತದೆ. ಅವರಿಗೆ ಈ ಆರು ತಿಂಗಳ ವಿಷಯ ಯಾರಾದರೂ ಹೇಳಬೇಕು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ ಅನ್ನುವುದನ್ನೂ.

ಎಷ್ಟೋ ಸಲ ಜಗಳದ ಜಾಗ ಇಬ್ಬರದ್ದೂ ಆಗಿರುವುದಿಲ್ಲ. ಹಳ್ಳ, ದಾರಿ, ಸ್ಮಶಾನದಂಥವು ಬ ಖರಾಬು, ಅದು ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರದ ಜಾಗ. ತೋಟದ ಮೇಲಿನ ಸೊಪ್ಪಿನಬೆಟ್ಟದಲ್ಲಿ ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತನ್ನು ಭೂಕಂದಾಯ ಕಾಯ್ದೆಯ 79ನೇ ಕಲಂ ಉಳಿಸಿದೆ, ಮಾಲೀಕತ್ವ ಕೊಟ್ಟಿಲ್ಲ. ಅಲ್ಲಿ ಇಬ್ಬರು ಅಗಳ ಹೊಡೆದು ಜಗಳವಾಡಿ ಅರ್ಜಿ ಹಾಕಿದರೆ, ಅಳತೆಗೆ ಬಂದವರು ಇಬ್ಬರ ಬೇಲಿಯನ್ನೂ ಒತ್ತುವರಿ ಅಂತಲೇ ಬರೆದುಕೊಂಡು ಹೋಗಬಹುದು. ಶರಾವತಿ ಮುಳುಗಡೆಯಾಗಿ ಕಾಡಂಚಿಗೆ ಬಂದು ನೆಲೆಸಿದ ಕುಟುಂಬಗಳ ಜಾಗದ ಪ್ರಶ್ನೆ ಇನ್ನೂ ದೊಡ್ಡದು. ಅಲ್ಲಿ ಕಂದಾಯ, ಅರಣ್ಯ ಇಲಾಖೆಗಳ ನಡುವಿನ ಗೆರೆಯೇ ಗೋಜಲು.

ಕೋರ್ಟಿಗೆ ಹೋದರೆ ಹೇಗೆ ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ಮೊದಲು ತಾತ್ಕಾಲಿಕ ತಡೆಯಾಜ್ಞೆ ಕೇಳುತ್ತಾರೆ. ಗಡಿಯೇ ವಿವಾದದಲ್ಲಿದ್ದರೆ ಜಾಗ ಅಳೆಯಲು ಕೋರ್ಟು ಕಮಿಷನರನ್ನು ನೇಮಿಸಬಹುದು. ಆ ಕಮಿಷನರ್ ಬಹಳ ಸಲ ಸರ್ವೆ ಇಲಾಖೆಯವರೇ! ಅಂದರೆ ಮೊದಲ ತಿಂಗಳಲ್ಲಿ ಇಬ್ಬರೂ ಕೂಡಿ ಮಾಡಿಸಬಹುದಾಗಿದ್ದ ಅಳತೆಯೇ ವರ್ಷಗಳು ಕಳೆದು, ವಕೀಲರ ಖರ್ಚು ಸೇರಿಸಿಕೊಂಡು ಮತ್ತೆ ನಡೆಯುತ್ತದೆ. ಒಂದು ಗುಂಟೆಯಲ್ಲಿ ಹಿಡಿಯುವುದು ಹದಿಮೂರು ಅಡಿಕೆ ಮರ. ಕೇಸಿನ ಖರ್ಚಿನ ಪಕ್ಕ ಆ ಹದಿಮೂರು ಮರದ ಫಸಲನ್ನು ಇಟ್ಟು ನೋಡಿ.

ಹಿರಿಯರನ್ನು ಕೂರಿಸಿ ಪಂಚಾಯ್ತಿ ಮಾಡುವುದು, ಧರ್ಮಸ್ಥಳಕ್ಕೆ ದೂರು ಒಯ್ಯುವುದು ನಮ್ಮ ಕಡೆ ಈಗಲೂ ಇದೆ. ಸಿಗಂದೂರು ಚೌಡೇಶ್ವರಿಯ ಕಾವಲಿದೆ ಅಂತ ಬೋರ್ಡು ಹಾಕಿದ ತೋಟಕ್ಕೆ ಕೈ ಹಾಕಲು ಈಗಲೂ ಜನ ಹೆದರುತ್ತಾರೆ. ಆ ಭಯ, ಆ ಮಾತಿನ ಬೆಲೆ ದೊಡ್ಡದು. ಜಗಳ ನಿಲ್ಲಿಸುವುದಕ್ಕೆ ಅದನ್ನು ಬಳಸಿಕೊಳ್ಳಿ. ಆದರೆ ಗಡಿಯನ್ನು ಬಾಯಿಮಾತಿಗೆ ಬಿಡಬೇಡಿ. ರಾಜಿ ಆದ ಕೂಡಲೇ ಇಬ್ಬರೂ ಸೇರಿ ಅರ್ಜಿ ಕೊಟ್ಟು ಅಳತೆ ಮಾಡಿಸಿ, ಇಬ್ಬರ ಖರ್ಚಿನಲ್ಲೇ ಕಲ್ಲು ಹಾಕಿಸಿ. ಅಗಳ ತೆಗೆಯುವುದು ಆಮೇಲೆ. ಕಲ್ಲನ್ನು ಆಳಕ್ಕೆ ಹೂಳಿಸಿ. ಮೊದಲ ಮಳೆಗಾಲ ಕಳೆದ ಮೇಲೆ ಜರುಗಿದೆಯಾ ಅಂತ ಒಟ್ಟಿಗೆ ಹೋಗಿ ನೋಡಿ. ಒಬ್ಬರ ಜಾಗ ಇನ್ನೊಬ್ಬರಿಗೆ ಬಿಟ್ಟುಕೊಡುವುದಾದರೆ, ನಾಲ್ಕು ಮರದ ಜಾಗವೇ ಆಗಿರಲಿ, 11ಇ ನಕ್ಷೆ (ಬಿಟ್ಟುಕೊಡುವ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಮಾಡಿಸಿ ನೋಂದಣಿ ಪತ್ರ ಮಾಡಿಕೊಳ್ಳಿ. ಕೇಸು ಆಗಲೇ ಕೋರ್ಟಿನಲ್ಲಿದ್ದರೆ ಲೋಕ ಅದಾಲತ್‌ನಲ್ಲಿ ರಾಜಿ ಬರೆಸಿ, ಆ ರಾಜಿ ಅರ್ಜಿಯ ಜೊತೆಗೇ ಸರ್ವೆ ನಕ್ಷೆಯನ್ನೂ ಸೇರಿಸಿ. ಅಲ್ಲಿ ಆದ ಆದೇಶಕ್ಕೆ ಕೋರ್ಟಿನ ಡಿಕ್ರಿಯ ಬೆಲೆಯೇ ಇದೆ, ಅದರ ಮೇಲೆ ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಬರುತ್ತದೆ. ನಕ್ಷೆ ಇಲ್ಲದೆ "ಹಳೇ ಗಡಿಯಂತೆ ಇರತಕ್ಕದ್ದು" ಅಂತ ಮಾತ್ರ ಬರೆಸಿದ ರಾಜಿಗೆ ಸಹಿ ಹಾಕಬೇಡಿ. ಹಳೇ ಗಡಿ ಯಾವುದು ಅನ್ನುವುದೇ ಅಲ್ವಾ ಜಗಳ ಇದ್ದದ್ದು?